ಮೂರು ಸಾವಿರದ ಐದು



ನಿವೃತ್ತಿಯಾದ ಮೇಲೆ ಶನಿವಾರದ ಬೆಳಗಿನ ಹೊತ್ತು ತಣಿಸಂದ್ರದ ಒಂದು ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಅಭ್ಯಾಸವನ್ನು ಇಟ್ಟುಕೊಂಡಿದ್ದೇನೆ. ಮೂವತ್ತಾರು ವರ್ಷ ಪ್ರೌಢಶಾಲೆಯಲ್ಲಿ ಬೀಜಗಣಿತ, ರೇಖಾಗಣಿತಗಳನ್ನು ಬೋಧಿಸಿದವನಿಗೆ ನಾಲ್ಕನೆಯ ತರಗತಿಯ ಪಾಠವೇನು ಮಹಾ ಎಂದುಕೊಂಡೇ ಹೋದೆ. ಹೋದ ಮೇಲೆ ತಿಳಿಯಿತು, ನನ್ನ ವೃತ್ತಿಯಲ್ಲಿ ಅತ್ಯಂತ ಕಠಿಣವಾದ ಪಾಠ ಇದೇ ಎಂದು.

ಕೆಲವು ವಾರಗಳ ಹಿಂದೆ ಉಕ್ತಲೇಖನದಂತೆ ಸಂಖ್ಯೆಗಳನ್ನು ಹೇಳಿ ಬರೆಸುತ್ತಿದ್ದೆ. "ಮೂರು ಸಾವಿರದ ಐದು" ಎಂದೆ. ಮುಂದಿನ ಸಾಲಿನ ಹುಡುಗನೊಬ್ಬ ತನ್ನ ಸ್ಲೇಟಿನ ಮೇಲೆ ೩೦೦೦೫ ಎಂದು ಬರೆದು, ನಗುಮುಖದಿಂದ ಎತ್ತಿ ತೋರಿಸಿದ. ನಾನು ಒಂದು ಕ್ಷಣ ಸುಮ್ಮನಾದೆ. ಅದೇ ತಪ್ಪನ್ನು, ಅದೇ ಸಂಖ್ಯೆಯಲ್ಲಿ, ಸುಮಾರು ಮೂವತ್ತು ವರ್ಷಗಳ ಹಿಂದೆ ನೋಡಿದ್ದೆ. ಅಂದು ನಾನು ನಡೆದುಕೊಂಡ ರೀತಿ ನೆನಪಾಯಿತು. ಇಂದಿನ ಬರಹ ಆ ತಪ್ಪಿನ ಕುರಿತು. ತಪ್ಪು ಮಗುವಿನದೋ ನನ್ನದೋ ಎಂಬುದನ್ನು ಕೊನೆಯಲ್ಲಿ ನೀವೇ ತೀರ್ಮಾನಿಸಿ.

೧೯೯೬ರ ಮಾತು. ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಒಬ್ಬಳು ಹುಡುಗಿ. ಆಗ ನಮ್ಮ ತಣಿಸಂದ್ರ ಇನ್ನೂ ಹಳ್ಳಿಯೇ. ಹೊಲ, ತೋಟ, ರಾಚೇನಹಳ್ಳಿಯ ಕೆರೆ, ನಾಗವಾರದ ಕಡೆಗೆ ಹೋಗುವ ಕಿರಿದಾದ ರಸ್ತೆ. ಆ ಹುಡುಗಿ ಬೆಳಿಗ್ಗೆ ಹಸುವಿನ ಕೆಲಸ ಮುಗಿಸಿ, ಡೇರಿಗೆ ಹಾಲು ಹಾಕಿ ಶಾಲೆಗೆ ಬರುವವಳು. ಕಪ್ಪು ಹಲಗೆಯ ಮೇಲೆ ಅವಳು ೩೦೦೦೫ ಎಂದು ಬರೆದಾಗ, "ಇದು ಎಷ್ಟು ತಾಯೀ?" ಎಂದು ವ್ಯಂಗ್ಯವಾಗಿ ಕೇಳಿದೆ. ಅವಳು, "ಮೂರು ಸಾವಿರ ಬರೆದೆ ಸಾರ್, ಆಮೇಲೆ ಐದು ಬರೆದೆ" ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. "ಎಂಟನೇ ಕ್ಲಾಸಿಗೆ ಬಂದರೂ ಸ್ಥಾನಬೆಲೆ ತಿಳಿಯದೇ?" ಎಂದು ಗದರಿ, ೩೦೦೫ ಎಂಬುದನ್ನು ನೂರು ಸಲ ಬರೆದು ತರುವಂತೆ ಹೇಳಿದೆ. ಮರುದಿನ ಬರೆದು ತಂದಳು. ನೂರಕ್ಕೆ ನೂರು ಸಲ ಸರಿಯಾಗಿತ್ತು. ಪಾಠ ಮುಗಿಯಿತೆಂದು ನಾನು ತಿಳಿದೆ.

ಅವಳ ಉತ್ತರವನ್ನು ಇನ್ನೊಮ್ಮೆ ಓದಿ. ಮೂರು ಸಾವಿರ ಬರೆದೆ, ಆಮೇಲೆ ಐದು ಬರೆದೆ. ಕಿವಿಗೆ ಬಿದ್ದುದನ್ನು ಬಿದ್ದ ಕ್ರಮದಲ್ಲೇ ಬರೆದಿದ್ದಳು. ಅದರಲ್ಲಿ ಅಜಾಗರೂಕತೆಯಿರಲಿಲ್ಲ, ತರ್ಕವಿತ್ತು. ನಾನು ಅಂದು ಆ ತರ್ಕದ ಒಳಹೊಕ್ಕು ನೋಡಲಿಲ್ಲ. ಬಿ.ಎಡ್. ತರಬೇತಿಯಲ್ಲಿ "ತಿಳಿದುದರಿಂದ ತಿಳಿಯದುದರ ಕಡೆಗೆ" ಎಂಬ ಬೋಧನಾ ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವನೇ ನಾನು. ತರಗತಿಯಲ್ಲಿ ಅದು ಬೇಕಾದ ಗಳಿಗೆಯಲ್ಲಿ ಮರೆತೆ.

ಆ ಹುಡುಗಿಯ ತರ್ಕ ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ, ಐಹೊಳೆಯಲ್ಲಿ. ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಕರೆದುಕೊಂಡು ಮೇಗುಟಿಯ ಜಿನಾಲಯಕ್ಕೆ ಹೋಗಿದ್ದೆವು. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ಕವಿ ರವಿಕೀರ್ತಿ ಅಲ್ಲಿ ನಿಲ್ಲಿಸಿದ ಸಂಸ್ಕೃತ ಶಾಸನವನ್ನು ನೀವೆಲ್ಲ ಚರಿತ್ರೆಯ ಪಾಠದಲ್ಲಿ ಓದಿದ್ದೀರಿ. ಅದರ ಕಾಲ ಕ್ರಿ.ಶ. ೬೩೪-೩೫. ಆ ಶಾಸನದಲ್ಲಿ ಕಾಲವನ್ನು ಅಂಕಿಗಳಲ್ಲಿ ಕೊಟ್ಟಿಲ್ಲ, ಪದಗಳಲ್ಲಿ ಕೊಟ್ಟಿದೆ. ಭಾರತ ಯುದ್ಧವಾಗಿ ಎಷ್ಟು ವರ್ಷ ಕಳೆಯಿತೆಂದು ಹೇಳುವಾಗ ರವಿಕೀರ್ತಿ ಛಂದಸ್ಸಿಗೆ ಹೊಂದುವಂತೆ ಮೊದಲು ಮೂವತ್ತನ್ನು, ಬಳಿಕ ಮೂರು ಸಾವಿರವನ್ನು, ಬಳಿಕ ಏಳು ನೂರನ್ನು, ಕೊನೆಗೆ ಐದನ್ನು ಹೇಳುತ್ತಾನೆ. ಕೂಡಿದರೆ ೩೭೩೫. ಶಕವರ್ಷವನ್ನೂ ಹಾಗೆಯೇ ಐವತ್ತು, ಆರು, ಐನೂರು ಎಂದು ಬಿಡಿಬಿಡಿಯಾಗಿ ಹೇಳುತ್ತಾನೆ. ಅದು ೫೫೬.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಪದಗಳಲ್ಲಿ ಹೇಳುವಾಗ ಕ್ರಮ ಹೇಗಿದ್ದರೂ ಸಂಖ್ಯೆ ಕೆಡುವುದಿಲ್ಲ. ಮೂವತ್ತು ಮೊದಲು ಬಂದರೂ ಅದು ಮೂವತ್ತೇ, ಏಳು ನೂರು ಕೊನೆಗೆ ಬಂದರೂ ಅದು ಏಳು ನೂರೇ. ಏಕೆಂದರೆ ಸಾವಿರ, ನೂರು, ಹತ್ತು ಎಂಬ ಹೆಸರುಗಳು ತಮ್ಮ ಬೆಲೆಯನ್ನು ತಾವೇ ಹೊತ್ತು ತರುತ್ತವೆ. ಅಂಕಿಗಳಲ್ಲಿ ಬರೆಯುವಾಗ ಹಾಗಲ್ಲ. ೩೭೩೫ರಲ್ಲಿ ಎರಡು ಮೂರುಗಳಿವೆ. ಒಂದರ ಬೆಲೆ ಮೂರು ಸಾವಿರ, ಇನ್ನೊಂದರ ಬೆಲೆ ಮೂವತ್ತು. ಎರಡರ ಮುಖಬೆಲೆ ಒಂದೇ, ಕುಳಿತ ಜಾಗ ಮಾತ್ರ ಬೇರೆ. ಅಂದರೆ ಮಾತಿನ ಲೆಕ್ಕ ಕೂಡಿಸುವ ಲೆಕ್ಕ, ಬರವಣಿಗೆಯ ಲೆಕ್ಕ ಸ್ಥಾನದ ಲೆಕ್ಕ. ಇವು ಎರಡು ಬೇರೆ ಬೇರೆ ಭಾಷೆಗಳು. ನನ್ನ ವಿದ್ಯಾರ್ಥಿನಿ ಒಂದು ಭಾಷೆಯ ವಾಕ್ಯವನ್ನು ಇನ್ನೊಂದು ಭಾಷೆಯಲ್ಲಿ ಅಕ್ಷರಶಃ ಬರೆದಿದ್ದಳು, ಅಷ್ಟೇ.

ಸ್ಥಾನದ ಈ ಲೆಕ್ಕ ನಮ್ಮ ದೇಶದಲ್ಲಿ ಬಹು ಹಿಂದೆಯೇ ಬೆಳೆಯಿತು. ಪ್ರತಿಯೊಂದು ಸ್ಥಾನವೂ ಅದರ ಹಿಂದಿನ ಸ್ಥಾನದ ಹತ್ತರಷ್ಟು ಎಂಬ ಮಾತು ಕ್ರಿ.ಶ. ೪೯೯ರ ಕಾಲದ ಆರ್ಯಭಟೀಯದಲ್ಲಿದೆ. ಸೊನ್ನೆಯನ್ನು ಕೂಡುವ, ಕಳೆಯುವ ನಿಯಮಗಳನ್ನು ಬ್ರಹ್ಮಗುಪ್ತನು ೬೨೮ರಲ್ಲಿ ಬರೆದನು. ೬೬೨ರಲ್ಲಿ ಸಿರಿಯಾ ದೇಶದ ಸೆವೆರಸ್ ಸೆಬೋಖ್ತ್ ಎಂಬ ಕ್ರೈಸ್ತ ವಿದ್ವಾಂಸನು ಒಂಬತ್ತು ಚಿಹ್ನೆಗಳಿಂದ ಲೆಕ್ಕ ಮಾಡುವ ಭಾರತೀಯರ ಜಾಣ್ಮೆಯನ್ನು ಹೊಗಳಿದ್ದಾನೆ. ಗಣಿತದ ಚರಿತ್ರೆಯ ಈ ದೊಡ್ಡ ಕಥೆಯಲ್ಲಿ ಕನ್ನಡನಾಡಿನ ಅಧ್ಯಾಯವೂ ಒಂದಿದೆ. ಅದನ್ನು ನಮ್ಮ ಮಕ್ಕಳಿಗೆ ನಾವು ಸಾಕಷ್ಟು ಹೇಳಿಲ್ಲ.

ಕ್ರಿ.ಶ. ೮೫೦ರ ಸುಮಾರಿನಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಎಂಬ ಗ್ರಂಥವನ್ನು ರಚಿಸಿದನು. ಅದೇ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವೂ ಹುಟ್ಟಿತು. ಕನ್ನಡದ ಮೊದಲ ಲಕ್ಷಣಗ್ರಂಥವೂ ಜಗತ್ತಿನ ಒಂದು ಮುಖ್ಯ ಗಣಿತಗ್ರಂಥವೂ ಒಬ್ಬನೇ ಅರಸನ ಕಾಲದವು ಎಂಬುದು ಹೆಮ್ಮೆಯ ಸಂಗತಿ. ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ೧೯೧೨ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದದ ಆವೃತ್ತಿ ೨೦೦೦ದಲ್ಲಿ ಹೊಂಬುಜದಿಂದ ಹೊರಬಂದಿತು.

ಈ ಗ್ರಂಥದ ಮೊದಲ ಅಧಿಕಾರದಲ್ಲೇ ಮಹಾವೀರಾಚಾರ್ಯನು ಇಪ್ಪತ್ತನಾಲ್ಕು ಸ್ಥಾನಗಳ ಹೆಸರುಗಳನ್ನು ಕೊಡುತ್ತಾನೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಕೊನೆಯದಾದ ಮಹಾಕ್ಷೋಭವೆಂದರೆ ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳು. ಇಷ್ಟು ದೊಡ್ಡ ಸಂಖ್ಯೆ ಯಾರಿಗೆ ಬೇಕಿತ್ತು ಎಂದು ನೀವು ಕೇಳಬಹುದು. ಜೈನರ ಲೋಕವರ್ಣನೆಯಲ್ಲಿ ಜಂಬೂದ್ವೀಪದ ವ್ಯಾಸವೇ ಒಂದು ಲಕ್ಷ ಯೋಜನ. ಅದರಾಚೆಗಿನ ದ್ವೀಪಗಳೂ ಸಮುದ್ರಗಳೂ ಒಂದಕ್ಕಿಂತ ಒಂದು ಎರಡರಷ್ಟು ದೊಡ್ಡವಾಗುತ್ತ ಹೋಗುತ್ತವೆ. ಅಂಥ ಲೋಕವನ್ನು ಅಳೆಯ ಹೊರಟವರಿಗೆ ಲಕ್ಷ ಕೋಟಿಗಳು ಸಾಲುತ್ತಿರಲಿಲ್ಲ.

ಹೆಸರುಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಶುಕ್ಲ ಯಜುರ್ವೇದದ ವಾಜಸನೇಯಿ ಸಂಹಿತೆಯ ಪಟ್ಟಿಯಲ್ಲಿಯೂ ಅರ್ಬುದವಿದೆ. ಅಲ್ಲಿ ಅರ್ಬುದವೆಂದರೆ ನಮ್ಮ ಒಂದು ಕೋಟಿ. ಮಹಾವೀರಾಚಾರ್ಯನಲ್ಲಿ ಅದೇ ಅರ್ಬುದ ಸಾವಿರ ಕೋಟಿ. ಆ ವೇದದ ಪಟ್ಟಿಯಲ್ಲಿ "ಸಮುದ್ರ" ಎಂಬುದೂ ಒಂದು ಸಂಖ್ಯೆ. ಅದು ನೂರು ಕೋಟಿ. ನಮ್ಮ ತಣಿಸಂದ್ರದ "ಸಂದ್ರ"ವೂ ಸಮುದ್ರದಿಂದಲೇ ಬಂದದ್ದು. ಕೆರೆಯನ್ನು ಸಮುದ್ರವೆಂದು ಕರೆದ ಹಿರಿಯರು ನಮ್ಮವರು. ಛಂದೋಬದ್ಧವಾಗಿ ಸಂಖ್ಯೆ ಹೇಳುವ ಭೂತಸಂಖ್ಯಾ ಪದ್ಧತಿಯಲ್ಲಿ ಇದೇ ಸಮುದ್ರಕ್ಕೆ ನಾಲ್ಕು ಎಂದರ್ಥ. ಒಂದೇ ಪದ ಒಂದು ಕಡೆ ನೂರು ಕೋಟಿ, ಇನ್ನೊಂದು ಕಡೆ ನಾಲ್ಕು, ನಮ್ಮೂರಿನಲ್ಲಿ ಕೆರೆ! ಹೆಸರುಗಳು ಹೀಗೆ ಕಾಲಕ್ಕೂ ದೇಶಕ್ಕೂ ಬದಲಾಗುತ್ತವೆ. ಬಲದಿಂದ ಎಣಿಸಿದ ಎಂಟನೆಯ ಸ್ಥಾನ ಮಾತ್ರ ಎಂದೆಂದಿಗೂ ಎಂಟನೆಯ ಸ್ಥಾನವೇ. ಆದುದರಿಂದ ಮಕ್ಕಳಿಗೆ ಹೆಸರನ್ನು ಬಾಯಿಪಾಠ ಮಾಡಿಸಿದರೆ ಸಾಲದು, ಸ್ಥಾನವನ್ನು ಕಾಣಿಸಬೇಕು.

ಮಹಾವೀರಾಚಾರ್ಯನು ಒಣ ಪಂಡಿತನಲ್ಲ. ಗುಣಾಕಾರಕ್ಕೆ ಅವನು ಆರಿಸಿದ ಉದಾಹರಣೆಗಳನ್ನು ನೋಡಿದರೆ ಅವನೊಬ್ಬ ಒಳ್ಳೆಯ ಮೇಷ್ಟ್ರಾಗಿದ್ದನೆಂದು ನನಗನಿಸುತ್ತದೆ. ೧೩೯ನ್ನು ೧೦೯ರಿಂದ ಗುಣಿಸಿ ನೋಡಿ, ೧೫೧೫೧ ಬರುತ್ತದೆ. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ೧೧೧೧೧೧೧೧೧. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳನ್ನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. ಹನ್ನೊಂದು ಶತಮಾನಗಳ ಹಿಂದಿನ ಮಕ್ಕಳೂ ಲೆಕ್ಕ ಮುಗಿದಾಗ ಬಾಯಿ ತೆರೆದು ನಕ್ಕಿರಬೇಕು.

ಹಾಗೆಂದು ಅವನು ತಪ್ಪೇ ಮಾಡಲಿಲ್ಲವೆಂದು ಭಾವಿಸಬೇಡಿ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಎಂದು ಸರಿಯಾಗಿ ಹೇಳಿದ ಮಹಾವೀರಾಚಾರ್ಯನೇ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದೂ ಹೇಳಿದ್ದಾನೆ. ಅದು ಸರಿಯಲ್ಲವೆಂದು ನೀವು ಹತ್ತನೆಯ ತರಗತಿಯಲ್ಲೇ ಬಲ್ಲಿರಿ. ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟವನನ್ನೇ ಎಡವಿಸಿದ ಸೊನ್ನೆ, ಹಸುವಿನ ಕೆಲಸ ಮುಗಿಸಿ ಓಡಿಬಂದ ಹದಿಮೂರು ವರ್ಷದ ಹುಡುಗಿಯನ್ನು ಎಡವಿಸಿದ್ದರಲ್ಲಿ ನಗುವಂಥದ್ದೇನಿತ್ತು?

ಸಂಸ್ಕೃತದಲ್ಲಿದ್ದ ಗಣಿತವನ್ನು ಕನ್ನಡದ ಮನೆಬಾಗಿಲಿಗೆ ತಂದವನು ಹನ್ನೆರಡನೆಯ ಶತಮಾನದ ರಾಜಾದಿತ್ಯ. ಪೂವಿನಬಾಗೆಯವನಾದ ಈತನ ವ್ಯವಹಾರಗಣಿತ, ಕ್ಷೇತ್ರಗಣಿತ ಮುಂತಾದವು ಕನ್ನಡದಲ್ಲಿ ದೊರೆತಿರುವ ಗಣಿತಗ್ರಂಥಗಳಲ್ಲಿ ಮೊದಲಿನವೆಂದು ಪ್ರಸಿದ್ಧವಾಗಿವೆ. ಹೆಸರೇ ಹೇಳುವಂತೆ ಅದು ವ್ಯವಹಾರದ ಗಣಿತ. ಲೆಕ್ಕ ತಿಳಿಯದವನು ಸಂತೆಯಲ್ಲಿ, ಸಾಲದಲ್ಲಿ, ಭೂಮಿಯ ಅಳತೆಯಲ್ಲಿ ಮೋಸಹೋಗುತ್ತಾನೆಂಬುದು ಆ ಕಾಲಕ್ಕೂ ನಿಜ, ಈ ಕಾಲಕ್ಕೂ ನಿಜ.

ಈ ಮಾತಿನಿಂದ ಮತ್ತೆ ನನ್ನ ವಿದ್ಯಾರ್ಥಿನಿಯ ಕಡೆಗೆ ಬರುತ್ತೇನೆ. ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಅವಳ ತಂದೆ ನಮ್ಮ ಮನೆಯ ಜಗುಲಿಗೆ ಬಂದು ಕುಳಿತರು. ಜೊತೆಯಲ್ಲಿ ಮಗಳೂ ಇದ್ದಳು. ಆಗ ನಮ್ಮ ಕಡೆ ಜಮೀನುಗಳಿಗೆ ಬೆಲೆ ಏರತೊಡಗಿದ್ದ ಕಾಲ. ಯಾರೋ ಮಧ್ಯವರ್ತಿ ಅವರ ಹೊಲಕ್ಕೆ ಮುಂಗಡ ಕೊಡುವುದಾಗಿ ಹೇಳಿ ಒಂದು ಚೀಟಿ ಕೊಟ್ಟು ಹೋಗಿದ್ದ. ಅದರಲ್ಲಿ ಅಕ್ಷರದಲ್ಲಿ ಏನನ್ನೂ ಬರೆದಿರಲಿಲ್ಲ. ಅಲ್ಪವಿರಾಮವೂ ಇಲ್ಲದೆ ಅಂಕಿಯಲ್ಲಿ ೧೦೫೦೦೦ ಎಂದಷ್ಟೇ ಇತ್ತು.

"ಮೇಷ್ಟ್ರೇ, ಮಗು ಓದಿ ಹತ್ತು ಲಕ್ಷದ ಐದು ಸಾವಿರ ಅಂತದೆ. ನಾಳೆ ಹೆಬ್ಬೆಟ್ಟು ಒತ್ತಬೇಕು. ನೀವೊಂದು ಸಲ ನೋಡ್ಬಿಡಿ ಸ್ವಾಮಿ" ಎಂದರು.

ನಾನು ನೋಡಿದೆ. ಒಂದು ಲಕ್ಷದ ಐದು ಸಾವಿರ. ಹತ್ತು ಲಕ್ಷದ ಐದು ಸಾವಿರವಾಗಲು ಇನ್ನೊಂದು ಸೊನ್ನೆ ಬೇಕಿತ್ತು, ಅದೂ ಒಂದಕ್ಕೂ ಐದಕ್ಕೂ ನಡುವೆ. ಹುಡುಗಿ ಮೊದಲು ಹತ್ತನ್ನು ಕಂಡಿದ್ದಳು, ಬಳಿಕ ಐದು ಸಾವಿರವನ್ನು ಕಂಡಿದ್ದಳು. ತಾನು ಬರೆದ ರೀತಿಯಲ್ಲೇ ಓದಿದ್ದಳು. ನಾನು ವಿಷಯ ತಿಳಿಸಿದಾಗ ಆ ತಂದೆ ಮಗಳನ್ನು ಬಯ್ಯಲಿಲ್ಲ. ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಸದ್ಯ, ಒತ್ತಿರಲಿಲ್ಲ" ಎಂದರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ತಲೆ ತಗ್ಗಿಸಬೇಕಾದವನು ನಾನು. ನೂರು ಸಲ ಬರೆಸಿದ್ದರಿಂದ ಅವಳು ಕಲಿತದ್ದು ೩೦೦೫ ಎಂಬ ಒಂದೇ ಸಂಖ್ಯೆಯನ್ನು. ಸ್ಥಾನವನ್ನು ನಾನು ಕಲಿಸಿಯೇ ಇರಲಿಲ್ಲ. ಆ ಸಂಜೆ ಅವರು ನಮ್ಮ ಜಗುಲಿಗೆ ಬಾರದೇ ಹೋಗಿದ್ದರೆ? ಆ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಲೆಕ್ಕದಲ್ಲಿ ಅವರನ್ನು ಸೋಲಿಸುವವರಿರಲಿಲ್ಲ. ೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ನೂರು ಪೈಸೆಯಾಗುವ ಮೊದಲು, ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಅಂದರೆ ರೂಪಾಯಿಗೆ ೧೯೨ ಪೈ. ಒಂದು ಮೆಟ್ಟಿಲು ಹನ್ನೆರಡರದು, ಇನ್ನೊಂದು ಹದಿನಾರರದು. ಅಜ್ಜಿ ಇದನ್ನೆಲ್ಲ ಮನಸ್ಸಿನಲ್ಲೇ ಮಾಡುತ್ತಿದ್ದರು. ನಾನು ಶಾಲೆಗೆ ಸೇರಿದ ೧೯೬೪ರಲ್ಲಿ "ನಯಾ ಪೈಸೆ"ಯ "ನಯಾ" ಬಿಟ್ಟುಹೋಗಿ ಬರಿಯ ಪೈಸೆಯಾಯಿತು. ಆದರೂ ಅಜ್ಜಿಗೆ ಐವತ್ತು ಪೈಸೆ ಕೊನೆಯವರೆಗೂ ಎಂಟಾಣೆಯೇ. ಅವರನ್ನು ನೆನೆದಾಗ ಎನಿಸುತ್ತದೆ, ಎಲ್ಲ ಮೆಟ್ಟಿಲೂ ಹತ್ತರದೇ ಆಗಿರುವ ನಮ್ಮ ದಶಮಾನ ಪದ್ಧತಿ ಮಗುವಿಗೆ ಕಷ್ಟವಾಗಬೇಕಾದುದೇ ಅಲ್ಲ. ಕಷ್ಟವಾದರೆ, ಮೆಟ್ಟಿಲನ್ನು ತೋರಿಸದೆ ಮಹಡಿಯ ಹೆಸರನ್ನು ಮಾತ್ರ ಹೇಳಿದ್ದೇವೆ ಎಂದರ್ಥ.

ಹಾಗಾದರೆ ತೋರಿಸುವುದು ಹೇಗೆ? ನಾನು ಈಗ ಮಾಡುವುದನ್ನು ಹೇಳುತ್ತೇನೆ. ಶಿಕ್ಷಕರಾಗಿರುವ ನನ್ನ ಶಿಷ್ಯರಿಗೆ ಉಪಯೋಗವಾದೀತು.

ಹಳೆಯ ಮದುವೆ ಕಾಗದಗಳ ಖಾಲಿ ಬೆನ್ನನ್ನು ಕತ್ತರಿಸಿ ಕಾರ್ಡುಗಳನ್ನು ಮಾಡಿಕೊಂಡಿದ್ದೇನೆ. ಸಾವಿರದ ಕಾರ್ಡು ನಾಲ್ಕು ಅಂಕಿಯಷ್ಟು ಉದ್ದ, ನೂರರದು ಮೂರು ಅಂಕಿಯಷ್ಟು, ಹತ್ತರದು ಎರಡು, ಬಿಡಿಯದು ಒಂದು. ೩೦೦೦ ಎಂಬ ಕಾರ್ಡನ್ನು ಮೇಜಿನ ಮೇಲಿಟ್ಟು, ೫ ಎಂಬ ಕಾರ್ಡನ್ನು ಬಲತುದಿಗೆ ಸರಿಯಾಗಿ ಅದರ ಮೇಲಿಡಬೇಕು. ಕೊನೆಯ ಸೊನ್ನೆ ಮುಚ್ಚಿಹೋಗಿ ೩೦೦೫ ಕಾಣುತ್ತದೆ. ಸ್ಲೇಟು ತೋರಿಸಿದ ಆ ಹುಡುಗನಿಗೆ ಹೀಗೆ ಮಾಡಿಸಿದೆ. ಅವನು ಎರಡು ಸಲ ಕಾರ್ಡನ್ನು ಎತ್ತಿ ಇಟ್ಟು ನೋಡಿ, "ಐದು ಸೊನ್ನೆ ಪಕ್ಕ ಕೂರಲ್ಲ ಸಾರ್, ಸೊನ್ನೆ ಮೇಲೆ ಕೂರುತ್ತೆ" ಎಂದ. ಸ್ಥಾನಬೆಲೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಪಠ್ಯಪುಸ್ತಕವನ್ನು ನಾನು ಕಂಡಿಲ್ಲ. ಸೊನ್ನೆಯೆಂದರೆ ಖಾಲಿ ಬಿಟ್ಟ ಆಸನ. ಕೂರುವವನು ಬಂದಾಗ ಅದು ತೆರವಾಗುತ್ತದೆ. ಯಾರೂ ಬಾರದಿದ್ದರೆ ಆಸನವನ್ನು ಕಾಯುತ್ತದೆ. ಆಮೇಲೆ ರವಿಕೀರ್ತಿಯ ೩೦, ೩೦೦೦, ೭೦೦, ೫ ಎಂಬ ನಾಲ್ಕು ಕಾರ್ಡುಗಳನ್ನು ಅವನು ಹೇಳಿದ ಕ್ರಮದಲ್ಲೇ ಕೊಟ್ಟೆ. ಮಕ್ಕಳು ಉದ್ದದ ಕಾರ್ಡನ್ನು ಕೆಳಗಿಟ್ಟು, ಗಿಡ್ಡದ್ದನ್ನು ಮೇಲಿಟ್ಟು ೩೭೩೫ ಮಾಡಿದರು.

ದೊಡ್ಡ ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸುವ ಪಾಠಕ್ಕೂ ನಮ್ಮ ಚರಿತ್ರೆಯಿಂದಲೇ ಸಂಖ್ಯೆಗಳನ್ನು ತೆಗೆದುಕೊಂಡೆ. ಹಿಂದೆ ನಾಡುಗಳ ಹೆಸರಿನ ಜೊತೆ ಒಂದು ಸಂಖ್ಯೆ ಇರುತ್ತಿತ್ತು. ನಮಗೆ ಹತ್ತಿರದ ಹೆಬ್ಬಾಳದಲ್ಲಿ ೨೦೧೮ರಲ್ಲಿ ನೆಲ ಅಗೆಯುವಾಗ ಸಿಕ್ಕಿದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. ೭೫೦ರದು. ಅದರಲ್ಲಿ ಪೆರ್ಬೊಳಲ್ನಾಡು ಮೂವತ್ತು ಎಂದಿದೆ. ಕಿಸುಕಾಡು ೭೦, ಬೆಳ್ವೊಲ ೩೦೦, ಬನವಾಸಿ ೧೨,೦೦೦, ನೊಳಂಬವಾಡಿ ೩೨,೦೦೦, ಗಂಗವಾಡಿ ೯೬,೦೦೦. ಚೋಳರ ಶಾಸನಗಳಲ್ಲಿ ರಟ್ಟರ ನಾಡಿಗೆ ಏಳೂವರೆ ಲಕ್ಷ, ಅಂದರೆ ೭,೫೦,೦೦೦ ಎಂದಿದೆ. ಈ ಸಂಖ್ಯೆಗಳು ಊರುಗಳ ಎಣಿಕೆಯೋ ಆದಾಯದ ಲೆಕ್ಕವೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಜೋಡಿಸುವ ಪಾಠಕ್ಕೆ ಅದರಿಂದ ತೊಂದರೆಯಿಲ್ಲ.

ಚೀಟಿಗಳನ್ನು ಹಗ್ಗಕ್ಕೆ ನೇತುಹಾಕುವಾಗ ಒಬ್ಬಳು ಗಂಗವಾಡಿಯನ್ನು ಎಲ್ಲಕ್ಕಿಂತ ಕೊನೆಗೆ ಹಾಕಿದಳು. "ಒಂಬತ್ತು ಏಳಕ್ಕಿಂತ ದೊಡ್ಡದಲ್ವಾ ಸಾರ್?" ಎಂದಳು. ನಾನು ತಿದ್ದಲಿಲ್ಲ. ಎರಡು ಚೀಟಿಗಳನ್ನೂ ಬಲತುದಿ ಸರಿಹೊಂದುವಂತೆ ಒಂದರ ಕೆಳಗೊಂದು ಹಿಡಿಯಲು ಹೇಳಿದೆ. ಏಳು ಲಕ್ಷದ ಸ್ಥಾನದಲ್ಲಿತ್ತು, ಒಂಬತ್ತು ಹತ್ತು ಸಾವಿರದ ಸ್ಥಾನದಲ್ಲಿತ್ತು. ಅವಳೇ ಬದಲಾಯಿಸಿದಳು. ಮೊದಲು ಎಷ್ಟು ಅಂಕಿಗಳಿವೆ ಎಂದು ಎಣಿಸು, ಸಮನಾಗಿದ್ದರೆ ಮಾತ್ರ ಎಡದಿಂದ ಹೋಲಿಸುತ್ತ ಬಾ. ಈ ನಿಯಮವನ್ನು ನಾನು ಹೇಳಲಿಲ್ಲ. ಗಂಟೆ ಹೊಡೆಯುವ ಹೊತ್ತಿಗೆ ಮಕ್ಕಳೇ ಹೇಳಿದರು.

೨೦೦೧ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ೬೫,೩೭,೧೨೪ ಇದ್ದದ್ದು ೨೦೧೧ರಲ್ಲಿ ೯೬,೨೧,೫೫೧ ಆಯಿತು. ಹೊಲವಿದ್ದಲ್ಲಿ ಇಂದು ಬಹುಮಹಡಿ ಮನೆಗಳಿವೆ, ರಸ್ತೆಯ ಬದಿಯ ಫಲಕಗಳಲ್ಲಿ ಬೆಲೆ ಕೋಟಿಯಲ್ಲಿದೆ. ತಣಿಸಂದ್ರದ ಮಗುವಿಗೆ ದೊಡ್ಡ ಸಂಖ್ಯೆ ಮನೆಬಾಗಿಲಿನಲ್ಲೇ ಇದೆ. ಅದನ್ನು ಸರಿಯಾಗಿ ಓದಲು ಕಲಿಸುವುದು ಪರೀಕ್ಷೆಯ ಅಂಕಗಳಿಗಾಗಿ ಮಾತ್ರವಲ್ಲ, ನಾಳೆ ಆ ಮಗು ಯಾವ ಕಾಗದಕ್ಕೆ ಸಹಿ ಹಾಕೀತೆಂಬುದೂ ಅದರಲ್ಲಿ ಸೇರಿದೆ.

ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ ನಾನರಿಯೆ. ಇದನ್ನು ಓದುತ್ತಿದ್ದರೆ, ಇದು ತನ್ನ ಕಥೆಯೆಂದು ಅವಳಿಗೆ ತಿಳಿಯುತ್ತದೆ. ಅಮ್ಮಾ, ಅಂದು ನಿನ್ನ ಉತ್ತರದಲ್ಲಿ ಅರ್ಧ ಸರಿಯಿತ್ತು. ಉಳಿದರ್ಧವನ್ನು ಹೇಳಿಕೊಡಬೇಕಾದ ನಾನು ನಕ್ಕೆ. ಕ್ಷಮಿಸು.

ಉಳಿದವರಿಗೆ ವಾಡಿಕೆಯಂತೆ ಮನೆಗೆಲಸ. ನಿಮ್ಮ ಮನೆಯ ಮಕ್ಕಳಿಗೆ "ಒಂದು ಲಕ್ಷದ ಐದು" ಎಂದು ಹೇಳಿ ಅಂಕಿಯಲ್ಲಿ ಬರೆಸಿರಿ. ತಪ್ಪಿದರೆ ನಗಬೇಡಿ. ಹೇಗೆ ಬರೆದೆ ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಆಲಿಸಿರಿ.